ಹನುಮಕ್ಕಜ್ಜಿಯ ಹೆಬ್ಬೆಟ್ಟು

ನಾಲ್ಕನೇ ಸಲವೂ ಯಂತ್ರ ಹನುಮಕ್ಕಜ್ಜಿಯ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಕೂಡ್ಲಿಗಿ ಕಡೆಯ ನಮ್ಮೂರಿನ ಪಡಿತರ ಅಂಗಡಿಯಲ್ಲಿ ಆ ಯಂತ್ರ ನೋಡಿಕೊಳ್ಳುವವನು ನಾನೇ. ಬೆರಳಿನ ಗೆರೆಗಳು ಮೊದಲೇ ದಾಖಲಾದ ಗೆರೆಗಳಿಗೆ ಹೊಂದಿದರಷ್ಟೇ ಹಸಿರು ದೀಪ ಹೊತ್ತುತ್ತದೆ. ಅಕ್ಕಿ ಸಿಗುವುದು ಆಮೇಲೆ. ಹಿಂದಿನ ತಿಂಗಳೂ ಅಜ್ಜಿ ಬರಿಗೈಲಿ ಹೋಗಿದ್ದಳು.

"ವಯಸ್ಸಾತು, ಗೆರಿ ಸವದು ಹೋಗ್ಯಾವ ಅಜ್ಜಿ," ಎಂದು ನಾನು ಎಲ್ಲ ತಿಳಿದವನಂತೆ ಹೇಳಿದೆ.

ಅಜ್ಜಿಗೆ ಸಿಟ್ಟು ಬಂತು. ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದಳು. ಅವಳು ಕಂಬಳಿ ನೇಯುವ ಮನೆಯವಳು. ನೂಲು ಗಟ್ಟಿಯಾಗಲೆಂದು ದಿನವೂ ಅದಕ್ಕೆ ಹುಣಸೆಬೀಜದ ಗಂಜಿ ಬಳಿಯುತ್ತಾಳೆ. ಪಕ್ಕದ ಹೋಟೆಲಿನಿಂದ ಒಂದು ಲೋಟ ಬಿಸಿನೀರು ತರಿಸಿ ಬೆರಳು ನೆನೆಸಿದಳು. ಆಮೇಲೆ ಹೆಗಲ ಮೇಲಿನ ಕಂಬಳಿಯ ಅಂಚಿನಿಂದ ಗಸಗಸ ತಿಕ್ಕಿದಳು. ಒಣಗಿದ್ದ ಗಂಜಿ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಅದರ ಕೆಳಗೆ ಗೆರೆಗಳು ಆಗಷ್ಟೇ ಉತ್ತ ಹೊಲದ ಸಾಲುಗಳಂತೆ ಕಾಣುತ್ತಿದ್ದವು.

ಐದನೇ ಸಲ ಹಸಿರು ದೀಪ ಹೊತ್ತಿತು! ಸರದಿಯಲ್ಲಿದ್ದವರೆಲ್ಲ ಕೇಕೆ ಹಾಕಿದರು. ಅಜ್ಜಿ ಹೆಬ್ಬೆಟ್ಟನ್ನು ಎತ್ತಿ ಎಲ್ಲರಿಗೂ ತೋರಿಸಿ, ನನ್ನ ಕಡೆ ತಿರುಗಿದಳು. "ಸವದಿಲ್ಲಲೇ, ಮುಚ್ಚಿದ್ವು. ಮಿಷನ್ ನೋಡೋದ್ರಾಗ ನನ್ನ ಕೈ ನೋಡೋದ ಮರ್ತಿ!"

ಈಗ ಯಂತ್ರದ ಪಕ್ಕ ಒಂದು ಬಟ್ಟಲು ಬಿಸಿನೀರು, ಅಜ್ಜಿಯೇ ಕೊಟ್ಟ ಕಂಬಳಿ ತುಂಡು ಇರುತ್ತವೆ. ಯಾರದಾದರೂ ಬೆರಳು ಒಪ್ಪದಿದ್ದರೆ ಮೊದಲು ಅವರ ಕೈ ಹಿಡಿದು ನೋಡುತ್ತೇನೆ. ಗೆರೆ ಸವೆದಿದೆ ಎಂಬ ಮಾತನ್ನು ಅವತ್ತಿನಿಂದ ಯಾರಿಗೂ ಹೇಳಿಲ್ಲ.