ರೈಲ್ವೆ ಗೇಟೇ ಟೈರಿಂಗ್

ನಮ್ಮ ಯಜಮಾನರು ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನನಗೆ ಎರಡನೆಯ ನೆರಳೊಂದು ಹುಟ್ಟಿಕೊಂಡಿತು. ಕೆಟ್ಟವರಲ್ಲ, ದೇವರಂಥ ಮನುಷ್ಯ. ತೊಂದರೆಯೇ ಅದು. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ತರಕಾರಿಗೆ ಹೊರಟರೆ ಚೀಲ ಹಿಡಿದು ಬರುತ್ತಾರೆ. ಒಗ್ಗರಣೆಗಿಟ್ಟರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾಸಿವೆ ಸಿಡಿಯುವುದನ್ನು ನೋಡುತ್ತಾರೆ. ತಂಗಿಯ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸುವಷ್ಟರಲ್ಲಿ "ಏನಂತೆ?" ಎನ್ನುತ್ತಾರೆ.

ಹಾಗಾಗಿ ಹಲಸೂರಿನಲ್ಲಿ ಬೇಕರಿಯೊಂದರ ಮೇಲಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಇಂಗ್ಲಿಷಿನ ಹುಚ್ಚೇನೂ ಇರಲಿಲ್ಲ, ಸಂಜೆಯ ಆ ಒಂದು ತಾಸಾದರೂ ನನ್ನದಾಗಲಿ ಎಂಬ ಆಸೆ. ಬಸ್ ಹಿಡಿಯಲು ಕಗ್ಗದಾಸಪುರದ ರೈಲ್ವೆ ಗೇಟು ದಾಟಬೇಕು. ಗೇಟು ಹಾಕಿದರೆ ಊರಿಗೆ ಊರೇ ಶಾಪ ಹಾಕುತ್ತದೆ. ನನಗೆ ಮಾತ್ರ ಹಬ್ಬ. ಗೂಡ್ಸ್ ಗಾಡಿ ಇನ್ನೂ ನಿಧಾನವಾಗಿ ಹೋಗಲಿ ಎಂದುಕೊಳ್ಳುತ್ತ ನಿಂತಿರುತ್ತಿದ್ದೆ. ಅಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು. ಒಬ್ಬೊಬ್ಬರೂ ಎದ್ದು ನಿಂತು ಇವತ್ತು ತಮಗೆ ಹೇಗನ್ನಿಸುತ್ತಿದೆ ಎಂದು ಹೇಳಬೇಕು, ಅದಕ್ಕೆ ಕಾರಣ ಯಾವುದು ಎಂದೂ ಹೇಳಬೇಕು. ಕನ್ನಡದಲ್ಲಿ "ಯಾಕೋ ಬೇಜಾರು" ಎಂದು ನಿಟ್ಟುಸಿರು ಬಿಟ್ಟರೆ ಮುಗಿಯಿತು. ಇಲ್ಲಿ ಟೀಚರಮ್ಮ ಬಿಡುತ್ತಿರಲಿಲ್ಲ. ಹೆಂಗಸರೆಲ್ಲ ಮರ್ಯಾದೆಗೆ ಅಂಜಿ ಎಲ್ಲವನ್ನೂ ಟ್ರಾಫಿಕ್ಕಿನ ತಲೆಗೆ ಕಟ್ಟುತ್ತಿದ್ದರು. ಅತ್ತೆಯ ಕಾಟಕ್ಕೂ ಟ್ರಾಫಿಕ್ಕೇ ಹೊಣೆ. ಒಂದು ದಿನ ನಾನು ಧೈರ್ಯ ಮಾಡಿ, "ಐ ಆಮ್ ಸಫೋಕೇಟೆಡ್. ಮೈ ಹೌಸ್ ಈಸ್ ಸಫೋಕೇಟಿಂಗ್" ಎಂದುಬಿಟ್ಟೆ. ಪಕ್ಕದಲ್ಲಿ ಕೂರುತ್ತಿದ್ದ ಶಿವಾಜಿನಗರದ ಬಟ್ಟೆ ಅಂಗಡಿಯಾಕೆ ನನ್ನ ಕೈ ಹಿಸುಕಿ, "ನಿಜ ಹೇಳ್ಬಿಟ್ರಿ ಅಕ್ಕಾ, ಸಚ್ಚಿ" ಎಂದಳು. ಅಂದು ಮನೆಗೆ ಬರುವಾಗ ಎದೆ ಹಗುರಾಗಿತ್ತು.

ಮರುವಾರ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಕೂಟರ್ ಹೊರಗೆ ತೆಗೆದರು.

"ನಾನೂ ಸೇರ್ಕೊಂಡ್ಬಿಟ್ಟೆ ಕಣೇ. ನೀನೊಬ್ಳೇ ಬಸ್ಸಲ್ಲಿ ಯಾಕೆ ಒದ್ದಾಡ್ಬೇಕು?"

ನನ್ನದಾಗಿದ್ದ ಆ ಒಂದು ತಾಸೂ ಹೋಯಿತು. ಬಾಯಿಗೆ ಮಾತ್ರ "ಸರಿ ರೀ" ಬಂತು.

ಕ್ಲಾಸಿನಲ್ಲಿ ಮೊದಲು ಎದ್ದವರೇ ಅವರು. "ಐ ವಾಸ್ ಬೋರ್ಡ್. ರಿಟೈರ್ಮೆಂಟ್ ಈಸ್ ಬೋರಿಂಗ್. ಬಟ್ ಮೈ ವೈಫ್ ಈಸ್ ಇಂಟರೆಸ್ಟಿಂಗ್!" ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಗಡಿಯಾಕೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ನನ್ನ ಸರದಿ ಬಂತು. ಉಸಿರು ಕಟ್ಟುತ್ತಿದೆ ಎಂಬ ಹೋದ ವಾರದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಕೆಳಗೆ ನೋಡಿದರೆ, ಮಗಳು ವೇದಿಕೆ ಹತ್ತಿದಾಗ ಅಪ್ಪ ನೋಡುವಂತೆ ಅವರು ಮುಖವೆತ್ತಿ ನೋಡುತ್ತ ಕೂತಿದ್ದಾರೆ. ಹೇಗೆ ಹೇಳಲಿ?

"ಐ ಆಮ್ ಟೈರ್ಡ್. ದ ರೈಲ್ವೆ ಗೇಟ್ ಈಸ್ ಟೈರಿಂಗ್" ಎಂದು ಕೂತುಬಿಟ್ಟೆ.

ಮನೆಗೆ ಮರಳುವಾಗ ಸ್ಕೂಟರ್ ಎಂದಿನ ದಾರಿಗೆ ತಿರುಗಲಿಲ್ಲ.

"ಇಷ್ಟು ದಿನ ಹೇಳ್ಲೇ ಇಲ್ವಲ್ಲೇ ನೀನು! ಇನ್ಮೇಲೆ ಆ ಗೇಟಿನ ಸಹವಾಸಾನೇ ಬೇಡ, ಸುತ್ತಿ ಹೋಗೋಣ. ನಾನಿದೀನಲ್ಲ."

ದೂರದಲ್ಲೆಲ್ಲೋ ಗೂಡ್ಸ್ ಗಾಡಿ ಕೂಗಿತು. ಹಿಂದೆ ಕೂತು, ಅವರ ಬೆನ್ನಿಗೆ ಮುಖ ತಗುಲದ ಹಾಗೆ ಅತ್ತುಬಿಟ್ಟೆ. ಅವರು ಕನ್ನಡಿಯಲ್ಲಿ ನೋಡಿ, "ಕಣ್ಣಿಗೆ ಧೂಳು ಬಿತ್ತಾ?" ಎಂದು ಕೇಳಿದರು.

"ಹೂಂ ರೀ, ಧೂಳು" ಎಂದೆ.

ಗಾಡಿ ನಿಲ್ಲಿಸಿ ತಮ್ಮ ಕರ್ಚೀಫು ಕೊಟ್ಟರು.