ಕೈಯಿಂದ ಕೈಗೆ

ನನ್ನ ಗಂಡ ಪ್ರೇಮಕುಮಾರ ಕಮಲಾಪುರದ ನಮ್ಮ ಕೇರಿಯಿಂದ ಡಾಕ್ಟರ್ ಆದ ಮೊದಲನೆಯವರು. ಕಲಬುರಗಿಯಲ್ಲಿ ಕಲಿಯುವಾಗ, ಆಸ್ಪತ್ರೆಗೆ ಬಂದಿದ್ದ ನಮ್ಮೂರಿನ ಗುರುಲಿಂಗಗೌಡರ ನಾಡಿ ಹಿಡಿಯಲು ಹೋದರು. ಗೌಡರು ಕೈ ಎಳೆದುಕೊಂಡರು.

"ಏ ಭಾಗಪ್ಪನ ಮಗನ, ಡಾಕ್ಟರ್ ಆದ್ರೇನಾತು, ನನ್ನ ಮುಟ್ಟತೀಯೇನು? ಬ್ಯಾರೆಯವ್ರನ್ನ ಕರಿ."

ವಾರ್ಡಿನವರೆಲ್ಲ ನಕ್ಕರು. ಇವರಿಗೆ ಸರ್ಜನ್ ಆಗುವ ಆಸೆಯಿತ್ತು. ಅದನ್ನು ಅಂದೇ ಬಿಟ್ಟರು. ಎಕ್ಸ್‌ರೇ, ಸ್ಕ್ಯಾನ್ ನೋಡುವ ರೇಡಿಯಾಲಜಿ ಓದಿದರು. "ಕತ್ತಲ ಕೋಣ್ಯಾಗ ಫೋಟೋ ನೋಡ್ತೀನಿ. ಯಾರ ಕೈನೂ ಹಿಡಿಯೋದು ಬ್ಯಾಡ," ಎನ್ನುತ್ತಿದ್ದರು.

ಕಲಬುರಗಿಯ ಜೇವರ್ಗಿ ಕಾಲೋನಿಯ ಸ್ಕ್ಯಾನ್ ಸೆಂಟರಿನಲ್ಲಿ ಹೆಸರು ಮಾಡಿದರು. ಆಮೇಲೆ ಗೌಡರಿಗೆ ಕೆಮ್ಮು ಹತ್ತಿತು. ಇವರು ಊರಿಗೆ ಬಂದಾಗಲೆಲ್ಲ ಗೌಡರು ಎಕ್ಸ್‌ರೇ ಫಿಲ್ಮ್ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಅದನ್ನು ಇವರ ಕೈಗೆ ಕೊಡದೆ, ಬಾಗಿಲ ಮುಂದಿನ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುವರು. ಇವರು ಎತ್ತಿ ಬೆಳಕಿಗೆ ಹಿಡಿದು, ನೋಡಿ ಹೇಳಿ, ಮತ್ತೆ ಕಟ್ಟೆಯ ಮೇಲೇ ಇಡುವರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಹೋದ ತಿಂಗಳು ಇವರು ಎದೆನೋವಿನಿಂದ ಸತ್ತರು. ಊರಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಗೌಡರು ಬಂದರು. ಸತ್ತವರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಯವ್ವಾ, ಈ ಸಲ ಎದ್ಯಾಗ ಏನೋ ಗಂಟು ಕಾಣ್ತದಂತ. ಉಳಿದವ್ರ ಮಾತಿನ ಮ್ಯಾಲ ನನಗ ನಂಬಿಗಿಲ್ಲ. ನಿನ್ನ ಗಂಡನ ಡಾಕ್ಟರ್ ಗೆಳ್ಯಾರಿಗೆ ತೋರಸವ್ವ."

ಫಿಲ್ಮನ್ನು ನೇರ ನನ್ನ ಕೈಗೇ ಚಾಚಿದರು. ನಾನು ಕೈ ಎಳೆದುಕೊಂಡೆ.

"ಕಟ್ಟಿ ಮ್ಯಾಲ ಇಡ್ರಿ ಗೌಡ್ರ," ಅಂದೆ. "ಎತ್ತಿ ನೋಡಾವ್ರು ಮಣ್ಣಾಗ ಹೋಗ್ಯಾರ."

ಅವರು ಇಟ್ಟು, ಅಲ್ಲೇ ನಿಂತರು. ನಾನು ಬಾಗಿಲು ಹಾಕಿಕೊಂಡೆ.