ಬೋಗದೆಯ ಬಾಯಲ್ಲಿ ಸರುಬಾಯಿ

ಮೋರಖಂಡಿಯ ಸರುಬಾಯಿಗೆ ಎಪ್ಪತ್ತು ಕುರಿ, ಜೊತೆಗೆ ಎರಡು ಹೊಲ ದಾಟಿ ಕೇಳಿಸುವ ದನಿ. ಹೊಲ ಗಂಡ ತುಳಜಾರಾಮನದು, ಕುರಿ ಇವಳದು. ಮನೆಗೂ ಮೇವಿನ ಮಾಳಕ್ಕೂ ನಡುವೆ ಕೆಂಪು ಕಲ್ಲಿನ ಗುಡ್ಡ. ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಹೋಗುವ ಹಳೆಯ ರಸ್ತೆ ಆ ಗುಡ್ಡ ಕೊರೆದು ಮಾಡಿದ ಬೋಗದೆಯೊಳಗಿಂದಲೇ ಹಾಯುತ್ತಿತ್ತು. ಒಂದು ಬಸ್ಸು ಒಳಹೊಕ್ಕರೆ ಎದುರಿಗೆ ಸೈಕಲ್ಲಿಗೂ ಜಾಗವಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಸಿಕ್ಕಿಕೊಂಡರಂತೂ ಜನ ಬಸ್ಸಿನಿಂದಿಳಿದು ಶೇಂಗಾ ತಿನ್ನುತ್ತ ಕೂಡುತ್ತಿದ್ದರು.

ಒಮ್ಮೆ ಹೀಗೇ ಎರಡೂ ಕಡೆಯ ಡ್ರೈವರುಗಳು ನೀ ಹಿಂದೆ ಸರಿ, ನೀನೇ ಸರಿ ಎಂದು ಜಗಳಕ್ಕೆ ನಿಂತರು. ಸರುಬಾಯಿಯ ಕುರಿಗಳು ಬಿಸಿಲಲ್ಲಿ ಬಾಯಿಬಿಡುತ್ತಿದ್ದವು. ಅವಳು ನಡುವೆ ಹೋಗಿ ಕೋಲು ಅಡ್ಡ ಹಿಡಿದಳು.

"ಮೊದಲ ಈ ಕಡಿಂದು ಬರ್ಲಿ. ಆಮ್ಯಾಲ ನನ್ನ ಕುರಿ. ಕಡೀಕ ನಿಮ್ದು."

ಗಾಡಿಗಳು ಅವಳು ಹೇಳಿದ ಸಾಲಿನಲ್ಲೇ ದಾಟಿದವು. ಮರುದಿನ ಬಸ್ಸಿನ ಡ್ರೈವರ್ ಅಜೀಮುದ್ದೀನ್ ತಾನಾಗಿಯೇ ಗಾಡಿ ನಿಲ್ಲಿಸಿ, "ಅಕ್ಕಾ, ಹೋಗ್ಲೇನು?" ಎಂದು ಕೇಳಿದ. ಅಲ್ಲಿಂದ ಹನ್ನೊಂದು ವರ್ಷ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಕುರಿ ದಾಟುವ ಹೊತ್ತಿನಲ್ಲಿ ಬೋಗದೆಯ ಕಾರುಬಾರು ಅವಳದೇ ಆಯಿತು.

ಹೋದ ವರ್ಷ ಬೋಗದೆಯನ್ನು ಅಗಲ ಮಾಡುವ ಕೆಲಸ ಶುರುವಾಯಿತು. ಉಸ್ತುವಾರಿಗೆ ಬಂದವಳು ಧನಶ್ರೀ ಎಂಬ ಎಂಜಿನಿಯರ್, ಸರುಬಾಯಿಯ ಮಗಳ ವಯಸ್ಸಿನವಳು. ಎಂಟು ತಿಂಗಳು ರಸ್ತೆ ಬಂದ್ ಆಗಿತ್ತು. ಬಸ್ಸುಗಳು ಸುತ್ತುಹಾಕಿ ಹೋದವು, ಸರುಬಾಯಿ ಗುಡ್ಡ ಹತ್ತಿಳಿದು ಕುರಿ ಹೊಡೆದಳು. ಕೆಲಸ ಮುಗಿದಾಗ ಬೋಗದೆ ಗುರುತು ಸಿಗದಂತಾಗಿತ್ತು. ಎರಡು ಬಸ್ಸು ಅಕ್ಕಪಕ್ಕ ಹೋಗುವಷ್ಟು ಅಗಲ, ಉದ್ದಕ್ಕೂ ದೀಪ, ಒಂದು ಬದಿಗೆ ನಡೆಯುವವರಿಗೆ ದಾರಿ. ಮಳೆನೀರು ಒಳಗೆ ನುಗ್ಗದಂತೆ ಎರಡೂ ಬಾಯಿಗಳಲ್ಲಿ ರಸ್ತೆಗೆ ಅಡ್ಡಲಾಗಿ ಗಟಾರ, ಅದರ ಮೇಲೆ ಕಬ್ಬಿಣದ ಜಾಳಿಗೆ.

ರಸ್ತೆ ತೆರೆದ ದಿನ ಸರುಬಾಯಿ ಹೊಸ ಸೀರೆ ಉಟ್ಟು ಕುರಿ ಹೊಡೆದುಕೊಂಡು ಬಂದಳು. ಮುಂದಿನ ಕುರಿ ಜಾಳಿಗೆಯ ಮುಂದೆ ಗಕ್ಕನೆ ನಿಂತಿತು. ಸಂದಿಯೊಳಗೆ ಕತ್ತಲೆ ಕಂಡಿತೋ ಏನೋ, ಕಾಲೆತ್ತಲಿಲ್ಲ. ಹಿಂದಿನವು ಒಂದರ ಮೇಲೊಂದು ಬಂದು ರಸ್ತೆಯ ತುಂಬ ಹರಡಿಕೊಂಡವು. ಹೂವಿನ ಹಾರ ಕಟ್ಟಿಕೊಂಡಿದ್ದ ಗಾಡಿಗಳೆಲ್ಲ ಹಿಂದೆ ಸಾಲಾಗಿ ನಿಂತವು. ಹಳೆಯ ಬೋಗದೆ ಇದ್ದಾಗಲೂ ಅಷ್ಟು ಉದ್ದದ ಸಾಲು ಆಗಿರಲಿಲ್ಲ.

ಅಜೀಮುದ್ದೀನ್ ಬಸ್ಸಿನಿಂದ ತಲೆ ಹೊರಹಾಕಿದ. "ಅಕ್ಕಾ, ರಸ್ತಾ ಇಷ್ಟ ದೊಡ್ಡದಾಗ್ಯಾದ. ಮತ್ತ ಯಾಕ ನಿಂತೀದಿ?"

"ನಾ ನಿಂತಿಲ್ಲ ಭಾಯಿ, ಅವು ನಿಂತಾವ. ಜರಾ ಸಬೂರ ಮಾಡು."

ಧನಶ್ರೀ ಓಡಿ ಬಂದಳು. ಮುಖ ಕೆಂಪಾಗಿತ್ತು. "ಅವ್ವಾ, ಏನಾಯ್ತ್ರಿ?"

"ಜಾಳಿಗಿಗಿ ಅಂಜಾಕತ್ತಾವ ಬಾಯಿ. ಕಾಲು ಒಳಗ ಸಿಗತಾವಂತ ಅವಕ ಗೊತ್ತದ. ಕುರಿ ಶಾಣ್ಯಾ ಇರ್ತಾವ, ಮಂದಿ ಸುಳ್ಳೇ ಬೈತಾರ."

ಸರುಬಾಯಿ ಹೆಗಲ ಮೇಲಿನ ಕಂಬಳಿ ತೆಗೆದು ಜಾಳಿಗೆಯ ಮೇಲೆ ಹಾಸಿದಳು. ಮುಂದಿನ ಕುರಿ ಮೂಸಿ ನೋಡಿತು, ತನ್ನದೇ ಮನೆಯ ವಾಸನೆ. ಟಣ್ಣನೆ ಜಿಗಿದು ದಾಟಿತು. ಉಳಿದ ಅರವತ್ತೊಂಬತ್ತೂ ಅದೇ ಜಾಗದಲ್ಲಿ ಅದೇ ರೀತಿ ಜಿಗಿದವು. ಬಸ್ಸಿನ ಜನ ಕಿಟಕಿಯಲ್ಲಿ ಎಣಿಸುತ್ತ ನಕ್ಕರು. ಆಚೆಯ ಬಾಯಲ್ಲೂ ಕಂಬಳಿ ಹಾಸಬೇಕಾಯಿತು. ಈ ಸಲ ಅದರ ಒಂದು ತುದಿ ಹಿಡಿದದ್ದು ಧನಶ್ರೀ.

"ಕುರಿ ದಾಟಾಕ ಎಷ್ಟು ಅಗಲ ಬೇಕ್ರಿ?" ಎಂದು ಅವಳು ಅಲ್ಲೇ ಕೇಳಿದಳು.

ಸರುಬಾಯಿ ಎರಡೂ ಕೈ ಚಾಚಿ ತೋರಿಸಿದಳು. "ಇಷ್ಟಿದ್ರ ಸಾಕು. ಅಂಚಿಗಿ ಇರ್ಲಿ, ಗಾಡಿ ತಮ್ಮ ಪಾಡಿಗಿ ಹೋಗ್ತಾವ."

ಧನಶ್ರೀ ಟೇಪು ಹಿಡಿದು ಆ ಚಾಚಿದ ಕೈಗಳನ್ನೇ ಅಳೆದಳು. ಹದಿನೈದು ದಿನದೊಳಗೆ ಎರಡೂ ಬಾಯಿಗಳಲ್ಲಿ ಅಂಚಿನ ಜಾಳಿಗೆಯ ಮೇಲೆ ಕಾಂಕ್ರೀಟಿನ ಹಾಸು ಬಿತ್ತು. ಕುರಿ ಹತ್ತಲೆಂದು, ನಡೆಯುವವರ ದಾರಿಗಿದ್ದ ಮೆಟ್ಟಿಲು ಒಡೆದು ಇಳಿಜಾರು ಮಾಡಿದರು. ಈಗ ಕುರಿ ಒಂದು ಬದಿಗೆ, ಗಾಡಿ ಇನ್ನೊಂದು ಬದಿಗೆ. ಯಾರಿಗಾಗಿಯೂ ಯಾರೂ ನಿಲ್ಲಬೇಕಿಲ್ಲ.

ಮೊದಮೊದಲು ಸರುಬಾಯಿಗೆ ಅದೇ ಕಸಿವಿಸಿಯಾಯಿತು. ಕೋಲು ಅಡ್ಡ ಹಿಡಿಯುವ ಕೆಲಸ ಇಲ್ಲ, ಹೋಗ್ಲೇನು ಎಂದು ಕೇಳುವವರಿಲ್ಲ. ಗಂಡನಿಗೆ ಹೇಳಿದಾಗ ಅವನು, "ಪಿಂಚಣಿ ಇಲ್ಲದ ರಿಟೈರ್ ಆದಿ ಬಿಡು" ಎಂದು ನಕ್ಕ. ಆದರೆ ಕುರಿಗಳು ಈಗ ಒಂದು ತಾಸು ಮುಂಚೆ, ಬೆಳಕಿರುವಾಗಲೇ ಮನೆ ಸೇರುತ್ತಿದ್ದವು. ಉಳಿದ ಆ ಒಂದು ತಾಸಿನಲ್ಲಿ ಸರುಬಾಯಿ ಓಣಿಯ ಹೆಂಗಸರೊಡನೆ ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯತೊಡಗಿದಳು. ಅಲ್ಲಿ ಯಾರು ಮೊದಲು ಮಾತಾಡಬೇಕು, ಯಾರು ಆಮೇಲೆ ಎಂಬುದನ್ನು ಈಗ ಅವಳೇ ಹೇಳುತ್ತಾಳೆ.